ಪೆನ್ಸಿಲ್ ಗೆರೆಯ ಆಚೆ

ದಮಸ್ಕದ ಅರಮನೆಗೆ ಬೆಂಕಿ ಬಿದ್ದಾಗ ಬ್ಯಾಡಗಿಯ ಕ್ರೈಸ್ತ ಸಭೆಯವರು ಸಮಾಧಾನದಿಂದ ತಲೆಯಾಡಿಸಿದರು. ಪ್ರೇಮವ್ವ ಓದುತ್ತಿದ್ದುದು ಹಳೆಯ ಒಡಂಬಡಿಕೆಯ ಒಬ್ಬ ಕುರಿಗಾಹಿ ಪ್ರವಾದಿಯ ಮಾತು. ಗಾಜಾ ಪಟ್ಟಣದ ಕೋಟೆ ಸುಟ್ಟಿತು, ತೂರಿನ ಗೋಡೆ ಉರುಳಿತು. ನೆರೆಯವರ ಪಾಪ ಕೇಳುವುದೆಂದರೆ ಯಾರಿಗೆ ತಾನೇ ಬೇಸರ? ಮುಂದಿನ ಬೆಂಚಿನಲ್ಲಿದ್ದ ಸಭೆಯ ಹಿರಿಯ ದಾನಿಯೇಲಪ್ಪನವರಂತೂ ಒಂದೊಂದು ಊರು ಬಿದ್ದಾಗಲೂ ಕಣ್ಣು ಮುಚ್ಚಿ "ಹೌದು, ಹೌದು" ಎನ್ನುತ್ತಿದ್ದರು.

ಆ ಸಭೆಯಲ್ಲಿ ಭಾನುವಾರಕ್ಕೊಂದು ಮನೆಯವರು ಪಾಠ ಓದುವ ವಾಡಿಕೆ. ಎಲ್ಲಿ ನಿಲ್ಲಿಸಬೇಕೆಂದು ಹಿರಿಯರು ಪೆನ್ಸಿಲಿನಿಂದ ಗೆರೆ ಎಳೆದುಕೊಡುತ್ತಾರೆ. ಆದರೆ ಪುಸ್ತಕ ತೆರೆದಿರುವಷ್ಟು ಹೊತ್ತು ಓದುವವರನ್ನು ಯಾರೂ ತಡೆಯುವಂತಿಲ್ಲ. ದಾನಿಯೇಲಪ್ಪನವರು ಆರನೆಯದಾದ ಮೋವಾಬಿನ ಗತಿ ಮುಗಿದಲ್ಲಿ ಗೆರೆ ಎಳೆದಿದ್ದರು. ಅದರ ಮುಂದೆ ಪ್ರವಾದಿ ತನ್ನ ಜನರ ಕಡೆಗೇ ತಿರುಗುತ್ತಾನೆ. ಅವರಿಗೆ ಅದು ಗೊತ್ತಿತ್ತೋ, ಇಲ್ಲ ಆರು ಊರಿಗೇ ಹೊಟ್ಟೆ ತುಂಬಿತ್ತೋ, ದೇವರೇ ಬಲ್ಲ.

ಪ್ರೇಮವ್ವನಿಗೆ ಗೊತ್ತಿತ್ತು. ಮೂರು ದಿನದಿಂದ ಆ ಪುಟ ಅವಳಿಗೆ ಅನ್ನ ಸೇರಗೊಟ್ಟಿರಲಿಲ್ಲ.

ಬುಧವಾರ ದಾನಿಯೇಲಪ್ಪನವರ ಗೋದಾಮಿನಲ್ಲಿ ಪ್ರೇಮವ್ವನೂ ಉಳಿದ ಹೆಂಗಸರೂ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಸಂಜೆ ಕೂಲಿಗಾಗಿ ಕಾಯಿ ತೂಗುವ ಹೊತ್ತಿಗೆ ಕುಲ್ಸುಮಬಿ "ಇನ್ನೊಮ್ಮಿ ತೂಗ್ರಿ ಸಾವಕಾರ್ರ" ಎಂದಿದ್ದಳು. ಅಷ್ಟಕ್ಕೇ ಅವರು ಮೂಲೆಯ ಬಡಿಗೆ ಎತ್ತಿ ಹೊಡೆದರು. ಅವಳ ಮಣಿಕಟ್ಟು ಮುರಿಯಿತು. ದವಾಖಾನೆಗೆ ಪ್ರೇಮವ್ವನೇ ಕರೆದೊಯ್ದಳು. ಹೇಗಾಯಿತೆಂದು ಡಾಕ್ಟರ್ ಕೇಳಿದಾಗ, ಬಾಗಿಲಲ್ಲಿ ದಾನಿಯೇಲಪ್ಪನವರು ನಿಂತಿದ್ದರು. ಗಂಡ ಸತ್ತ ಮೇಲೆ ಪ್ರೇಮವ್ವನ ಒಲೆ ಉರಿಯುತ್ತಿದ್ದುದು ಆ ಗೋದಾಮಿನ ಕೂಲಿಯಿಂದಲೇ. "ಜಾರಿ ಬಿದ್ದಾಳ್ರಿ" ಎಂದುಬಿಟ್ಟಳು. ಹದಿನಾರು ವರ್ಷ ಎದುರುಬದುರು ಕೂತು ಕೆಲಸ ಮಾಡಿದ ಕುಲ್ಸುಮಬಿ ಅವಳನ್ನೊಮ್ಮೆ ನೋಡಿ, ತಾನೂ ಹೂಂ ಎಂದು ಗೋಡೆಯ ಕಡೆ ತಿರುಗಿದ್ದಳು.

ಈಗ ಗೆರೆ ಬಂತು. ದಾನಿಯೇಲಪ್ಪನವರು ಕಣ್ಣು ಬಿಟ್ಟು ಹಾಡಿನ ಪುಸ್ತಕ ಕೈಗೆತ್ತಿಕೊಂಡರು. ಪ್ರೇಮವ್ವ ಮುಂದಿನ ಸಾಲಿಗೆ ಬೆರಳಿಟ್ಟು ಓದತೊಡಗಿದಳು. ಒಂದು ಜೊತೆ ಕೆರಕ್ಕಾಗಿ ಬಡವರನ್ನು ಮಾರಿದವರು, ದಿಕ್ಕಿಲ್ಲದವರ ತಲೆಯನ್ನು ಮಣ್ಣಿಗೆ ತುಳಿದವರು ಈಗ ಹೊರಗಿನವರಾಗಿರಲಿಲ್ಲ. ಆಡುತ್ತಿದ್ದ ತಲೆಗಳು ಒಂದೊಂದಾಗಿ ನಿಂತವು.

"ಪ್ರೇಮವ್ವಾ, ಗೆರಿ ದಾಟೀದಿ," ಎಂದು ದಾನಿಯೇಲಪ್ಪನವರು ಎದ್ದರು.

ಪಾದ್ರಿಗಳು ಸಾಧು ಮನುಷ್ಯರು, ಯಾರನ್ನೂ ಎದುರು ಹಾಕಿಕೊಂಡವರಲ್ಲ. ಅವರೂ ನೆಲ ನೋಡುತ್ತಲೇ ಹೇಳಿದರು: "ಪುಸ್ತಕ ತೆರದೈತ್ರಿ ಹಿರ್ಯಾರ. ಕುಂದರ್ರಿ."

ದಾನಿಯೇಲಪ್ಪನವರು ಕೂತರು. ಓದು ಮುಗಿದ ಮೇಲೂ ಪ್ರೇಮವ್ವ ಪುಸ್ತಕ ಮುಚ್ಚಲಿಲ್ಲ. ತೆರೆದ ಪುಟದ ಮೇಲೆ ಅಂಗೈ ಊರಿ ನಿಂತಳು.

"ಕುಲ್ಸುಮಬಿ ಜಾರಿ ಬಿದ್ದಿಲ್ರಿ. ದಾನಿಯೇಲಪ್ಪನವರು ಬಡಿಗೀಲೆ ಹೊಡದಾರ. ನಾ ಕಣ್ಣಾರೆ ನೋಡೀನಿ, ನೋಡಿ ಸುಳ್ಳ ಹೇಳೀನಿ. ಬೆಂಕಿ ಬೀಳೂದಾದ್ರ ನನ್ನ ಮನೀಗೂ ಬೀಳಬೇಕಾಗ್ತೈತಿ."

ಆಮೇಲೆ ಪುಸ್ತಕ ಮುಚ್ಚಿದಳು. ಹಾಡಿಗೂ ನಿಲ್ಲದೆ, ಬೆಂಚುಗಳ ನಡುವೆ ತಲೆಯೆತ್ತಿಕೊಂಡೇ ಹೊರಗೆ ನಡೆದಳು. ಅಷ್ಟು ಹಗುರಾಗಿ ಅವಳು ಎಂದೂ ನಡೆದಿರಲಿಲ್ಲ.

ಕುಲ್ಸುಮಬಿ ತನ್ನ ಮನೆಯ ಹೊಸ್ತಿಲಲ್ಲಿ ಕೂತು ಒಂದೇ ಕೈಯಲ್ಲಿ ತಲೆ ಬಾಚಲು ಹೆಣಗುತ್ತಿದ್ದಳು. ಪ್ರೇಮವ್ವ ಅವಳ ಹಿಂದೆ ಕೂತು ಬಾಚಣಿಗೆ ತೆಗೆದುಕೊಂಡಳು. ಸಿಕ್ಕು ಬಿಡಿಸುತ್ತಾ ನಡೆದದ್ದನ್ನೆಲ್ಲ ಹೇಳಿದಳು. ಕೂದಲಿಂದ ಎದ್ದ ಖಾರದ ಧೂಳಿಗೆ ಇಬ್ಬರೂ ಸೀನಿದರು.

"ಎಲ್ಲಾರ ಮುಂದ ಅಂದಿ?"

"ಎಲ್ಲಾರ ಮುಂದ."

"ನಾಳಿಂದ ನಿನಗೂ ಕೆಲಸಿಲ್ಲ."

"ಊರಾಗ ಅದೊಂದ ಗೋದಾಮೈತೇನು?"

ಕುಲ್ಸುಮಬಿ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿ ಮೆಲ್ಲಗೆ ಸರಿಸಿಕೊಂಡು ನೆಟ್ಟಗೆ ಕೂತಳು.

"ಪ್ರೇಮಕ್ಕಾ, ಬಿಗಿಯಾಗಿ ಹೆಣಿ. ಠಾಣೇಕ ಹೋಗೂದೈತಿ."

ಪ್ರೇಮವ್ವ ಕೂದಲನ್ನು ಮೂರು ಪಾಲು ಮಾಡಿ ಹೆಣೆಯತೊಡಗಿದಳು.