ವಾಸನೆ ಹಿಡಿದು ಬರುವವರು

ತಳ ಹತ್ತಿತೇ, ಇಲ್ಲ, ಈಗಷ್ಟೇ ಕೆಂಪಾಗುತ್ತಿದೆ, ಉಮಾವತಿ ಸೌಟು ಆಡಿಸಿದಳು, ಒಣ ಸಿಗಡಿಯ ಹೊಗೆ ಕಿಟಕಿಯ ಸರಳುಗಳಲ್ಲಿ ನುಸುಳಿ ಶಹಾಡ್ ಸ್ಟೇಷನ್ನಿನ ಕಡೆಗೆ ಹೊರಟಿದೆ, ಹೋಗಲಿ, ಇನ್ನೂ ದೂರ ಹೋಗಲಿ, ಕಲ್ಯಾಣದ ಆ ರೈಲ್ವೆ ಸೇತುವೆಯವರೆಗೆ, ಗಂಡ ಚೆನ್ನಯ ಕಾಣೆಯಾದದ್ದು ಅಲ್ಲಿಯೇ, ನೀಲಿ ಚೌಕಳಿ ಅಂಗಿ ಜನರ ನಡುವೆ ಒಮ್ಮೆ ಕಂಡಿತು, ಮತ್ತೆ ಕಾಣಲಿಲ್ಲ — ಮರೆವಿನ ಕಾಯಿಲೆಯಲ್ಲಿ ಮಗನ ಹೆಸರು, ದುಡಿದ ಹೋಟೆಲಿನ ಹೆಸರು ಒಂದೊಂದೇ ಉದುರಿ ಕೊನೆಗೆ ಉಳಿದದ್ದು ಮೂಗು ಮಾತ್ರ, ಸಿಗಡಿ ಹುರಿದರೆ ಸಾಕು, ಮಲಗಿದ್ದವರು ಎದ್ದು ಬಂದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದರು, ಆಯಿತಾ ಮಾರಾಯ್ತಿ, ಆಯಿತು, ಕೂತುಕೊಳ್ಳಿ.

ಮೂಗಿಲ್ಲದ ಕ್ರಿಮಿಗೆ ಸಕ್ಕರೆ ಇರುವ ಕಡೆ ಹೇಗೆ ಗೊತ್ತಾಗುತ್ತದೆ ಪುಟ್ಟಾ, ಎಂದು ನಿನ್ನೆ ಕಾಯಿ ತುರಿಯುತ್ತಾ ಕೇಳಿದ್ದಳು, ಮೊಮ್ಮಗಳು ಪ್ರೇಕ್ಷಾ ಕಾಲೇಜಿನಲ್ಲಿ ಓದುವುದು ಅದನ್ನೇ, ದೇಖೋ ಅಜ್ಜಿ, ಸ್ವಲ್ಪ ಸೀದಾ ಈಜುತ್ತೆ, ರುಚಿ ಜಾಸ್ತಿ ಆದ್ರೆ ಅದೇ ದಿಕ್ಕು, ಕಮ್ಮಿ ಆದ್ರೆ ನಿಂತು, ಗಿರಕಿ ಹೊಡೆದು, ಬೇರೆ ದಿಕ್ಕು, ಮತ್ತೆ — ಹುಡುಗಿ ತಲೆ ತಗ್ಗಿಸಿದಳು — ಗಂಡಸರ ಬೀಜಾನೂ ಹಾಗೇ, ಅಂಡ ಬಿಡೋ ಸುಳಿವು ಹಿಡಿದು ಬರುತ್ತೆ, ಅಯ್ಯೋ ಅದಕ್ಕೆಂತ ನಾಚಿಕೆ, ನಿನ್ನ ಅಪ್ಪ ಬಂದದ್ದೂ ಹಾಗೇ ಅಲ್ಲವಾ, ಇಬ್ಬರೂ ನಕ್ಕರು, ನಗು ಮುಗಿದ ಮೇಲೆ ಉಮಾವತಿಗೆ ಅನಿಸಿತು, ಹಾಗಾದರೆ ಕಾಣೆಯಾದ ಅವರೂ ಕಣ್ಣು ಕಿವಿ ಮೂಡುವ ಮೊದಲೇ ಒಮ್ಮೆ ದಾರಿ ಕಂಡವರು, ಅದನ್ನು ಮೈ ಮರೆತೀತೇ, ಎಲ್ಲ ಕಡೆಯೂ ಒಂದೇ ಸಮ ವಾಸನೆ ಇದ್ದರೆ ಪುಟ್ಟಾ? ತೋ ಘೂಮ್ತಾ ರಹೇಗಾ ಅಜ್ಜಿ, ಸುತ್ತುತ್ತಾನೇ ಇರುತ್ತೆ. ಆ ಸೇತುವೆಯ ಮೇಲೆ ವಡೆ ಕರಿದ ಎಣ್ಣೆ, ಬೆವರು, ಮಲ್ಲಿಗೆ, ಗಟಾರ, ಎಲ್ಲ ಕಡೆಯೂ ಒಂದೇ ಸಮ.

ಅಮ್ಮಾ, ಎಷ್ಟು ವರ್ಷ ಆಯ್ತು, ಪೊಲೀಸ್, ಆಸ್ಪತ್ರೆ, ಆಶ್ರಮ, ನೋಡದ ಜಾಗ ಇಲ್ಲ, ಇವತ್ತು ಬಡಿಸಿಬಿಡುವ, ಅಪ್ಪನ ಜೀವ ಹಸಿದು ಅಲೆಯುವುದು ಬೇಡ, ಎಂದ ಮಗ ಹಿತೇಶನ ದನಿಯೂ ಒಡೆದಿತ್ತು, ಅವನನ್ನು ಬೈಯುವುದು ಹೇಗೆ, ಬಡಿಸುವುದೆಂದರೆ ಸತ್ತವರ ಹೆಸರಲ್ಲಿ ಬಾಳೆಲೆಯ ಮೇಲೆ ಅವರಿಗೆ ಇಷ್ಟವಾದದ್ದನ್ನು ಇಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುವುದು, ಸತ್ತವರು ಮುಚ್ಚಿದ ಬಾಗಿಲಿನೊಳಗೂ ಬಂದು ಉಣ್ಣುತ್ತಾರೆ, ಬದುಕಿರುವವರಿಗೆ ಬಾಗಿಲು ತೆರೆದಿರಬೇಕು.

ಎಲೆಯ ಮೇಲೆ ಕುಚ್ಚಲಕ್ಕಿ ಅನ್ನ, ಸಿಗಡಿ ಚಟ್ನಿ, ನೀರಿನ ಲೋಟ ಅವರ ಬಲಗೈಗೆ, ಎಲ್ಲರೂ ಚಾಳಿನ ಪಡಸಾಲೆಯಲ್ಲಿ ಕೈಮುಗಿದು ನಿಂತಿದ್ದಾರೆ, ಬಾಗಿಲು ಎಳೆಯಿರಿ ಅಮ್ಮ, ಎಳೆದಳು, ಬಾಗಿಲು ಕೂಡಲಿಲ್ಲ, ಮತ್ತೆ ಎಳೆದಳು, ಅಜ್ಜೀ ಕಾಲು, ಕಾಲು ತೆಗೀರಿ, ಯಾರ ಕಾಲು, ಅವಳದೇ, ಹೊಸ್ತಿಲ ಮೇಲೆ ಅವಳದೇ ಹೆಬ್ಬೆರಳು, ನೋವು ಕೂಡ ತಿಳಿಯುತ್ತಿಲ್ಲ, ಆ ಸಂದಿಯಿಂದ ಸಿಗಡಿಯ ವಾಸನೆ ಅವಳ ಸೆರಗನ್ನು ದಾಟಿ ಮೆಟ್ಟಿಲಿಳಿಯುತ್ತಿದೆ, ಸೇತುವೆಯ ಮೇಲೆ ನೀಲಿ ಚೌಕಳಿ ಅಂಗಿ, ಎರಡು ಹೆಜ್ಜೆ ಇಟ್ಟು, ನಿಂತು, ಮೂಗೆತ್ತಿ, ತಿರುಗಿ, ಎರಡು ಹೆಜ್ಜೆ ಇಟ್ಟು, ನಿಂತು, ಮೂಗೆತ್ತಿ —