ಸಿದ್ದೇಶನ ಜಾಗ

ಕಂಪ್ಯೂಟರ್ ಹಟ ಹಿಡಿದಾಗ ಊರಿಗೆಲ್ಲ ಗೊತ್ತಿರುವ ಮದ್ದು ಒಂದೇ: ಆರಿಸಿ ಮತ್ತೆ ಹಾಕು. ಹಾಸನದ ಆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನೆಲ ಒರೆಸುವ ಚನ್ನಪ್ಪನಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಒಪ್ಪದವಳು ಒಬ್ಬಳೇ. ಅವಳೇ ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ನೀಲಾಂಬಿಕೆ.

"ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡ್ರೀ ನೀಲಾಂಬಿಕೆ," ಎನ್ನುತ್ತಿದ್ದರು ಲ್ಯಾಬಿನ ಯಜಮಾನರಾದ ಸಂಪತ್ಕುಮಾರರು.

"ಬೇಡ ಸಾರ್. ಡೇಟಾ ಹೋಗ್ಬಿಡುತ್ತೆ."

ಡೇಟಾ ಎಲ್ಲಿಗೂ ಹೋಗುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಹಿಂದೆಂದೂ ಸುಳ್ಳು ಹೇಳಿ ಅಭ್ಯಾಸವಿಲ್ಲದವಳು ಈಗ ಊಟ ಆಯಿತು ಎಂದಷ್ಟೇ ಸಲೀಸಾಗಿ ಹೇಳುತ್ತಿದ್ದಳು. ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

ಇದು 2007ರ ಮಾತು. ಲ್ಯಾಬಿಗೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಒಂದೊಂದು ಶಾಖೆ ಇತ್ತು. ಅಲ್ಲಿ ರಕ್ತ ತೆಗೆದು ಹಾಸನಕ್ಕೆ ಕಳಿಸುತ್ತಿದ್ದರು, ಪರೀಕ್ಷೆ ಹಾಸನದಲ್ಲಿ ಆಗುತ್ತಿತ್ತು. ರಿಪೋರ್ಟು ಬೇಕಾದಾಗ ಶಾಖೆಯವರು ತಮ್ಮೂರಿನಲ್ಲೇ ಕೂತು ಹಾಸನದ ದೊಡ್ಡ ಕಂಪ್ಯೂಟರಿನೊಳಗೆ ಬರುತ್ತಿದ್ದರು. ಅದಕ್ಕೆ ರಿಮೋಟ್ ಡೆಸ್ಕ್‌ಟಾಪ್ ಎಂದು ಹೆಸರು. ಅರಕಲಗೂಡಿನಲ್ಲಿ ಮೌಸ್ ಸರಿಸಿದರೆ ಬಾಣ ಹಾಸನದಲ್ಲಿ ಓಡಾಡುತ್ತಿತ್ತು. ಮೊದಮೊದಲು ಜನ ಅದನ್ನು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದುಂಟು. ಆದರೆ ಒಂದು ತೊಡಕು. ಹೊರಗಿನವರು ಒಂದೇ ಹೊತ್ತಿಗೆ ಇಬ್ಬರು ಮಾತ್ರ ಒಳಗೆ ಬರಬಹುದಿತ್ತು, ಮೂರನೆಯವರು ಬಂದರೆ ಜಾಗ ಇಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿತ್ತು. ಜಾಗ ಹೆಚ್ಚಿಸಲು ಲೈಸೆನ್ಸ್ ಕೊಳ್ಳಬೇಕು ಎಂದರೆ ಸಂಪತ್ಕುಮಾರರು, "ಸರದಿ ಮೇಲೆ ಬರ್ಲಿ ಬಿಡ್ರೀ, ಏನ್ ಅರ್ಜೆಂಟು," ಎಂದುಬಿಟ್ಟಿದ್ದರು.

ಈ ಶಾಖೆಗಳಿಗೆಲ್ಲ ಬೈಕಿನಲ್ಲಿ ತಿರುಗಿ, ತಂತಿ ಎಳೆದು, ಜನಕ್ಕೆ ಕಲಿಸಿಕೊಟ್ಟವನು ಸಿದ್ದೇಶ, ನೀಲಾಂಬಿಕೆಯ ಒಡಹುಟ್ಟಿದ ತಮ್ಮ. ಕೆಲಸ ಕೊಡಿಸಿದವಳು ಅವಳೇ. ಬುದ್ಧಿವಂತ, ಬಾಯಿಬಡುಕ, ಹೋದಲ್ಲೆಲ್ಲ ಊಟ ಮಾಡಿಕೊಂಡೇ ಬರುವವನು. ಆದರೆ ಅಯ್ಯಾ ಮಾರಾಯ, ಕಲಿಸುವಾಗ ಒಂದು ತಪ್ಪು ಕಲಿಸಿಬಿಟ್ಟ. ಕೆಲಸ ಮುಗಿದ ಮೇಲೆ ಲಾಗ್ ಆಫ್ ಮಾಡಿ ಹೊರಗೆ ಬರಬೇಕು. ಇವನು, "ಅದೆಲ್ಲ ಬ್ಯಾಡ, ಮೂಲೇಲಿರೋ ಗುಣಿಸು ಗುರುತು ಒತ್ತಿ ಎದ್ದೋಗಿ. ನಾಳೆ ಬಂದಾಗ ಎಲ್ಲ ಹಂಗಂಗೇ ತೆರ್ಕೊಂಡಿರ್ತದೆ," ಎಂದು ಹೇಳಿಕೊಟ್ಟ. ಗುಣಿಸು ಗುರುತು ಒತ್ತಿದರೆ ಇಲ್ಲಿನ ಪರದೆ ಮುಚ್ಚುತ್ತದೆಯೇ ಹೊರತು ಹಾಸನದೊಳಗಿನ ಜಾಗ ಖಾಲಿಯಾಗುವುದಿಲ್ಲ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಕಾಫಿಗೆ ಹೋಗುವುದಿಲ್ಲವೇ, ಹಾಗೆ. ಟವೆಲ್ ಬಿದ್ದ ಸೀಟನ್ನು ಹಾಸನ ಸೀಮೆಯಲ್ಲಿ ಯಾರೂ ಮುಟ್ಟುವುದಿಲ್ಲ. ಸಿದ್ದೇಶ ಅದನ್ನೇ ಕಂಪ್ಯೂಟರಿಗೂ ತಂದಿಟ್ಟ. ಅವನಿದ್ದಷ್ಟು ದಿನ ಆ ಟವೆಲುಗಳನ್ನು ತೆಗೆಯುವ ಕೆಲಸವನ್ನೂ ಅವನೇ ಮಾಡುತ್ತಿದ್ದ. ಎಲ್ಲಿದ್ದರೂ ಒಳಗೆ ಹೊಕ್ಕು, ಎದ್ದು ಹೋದವರನ್ನು ಹುಡುಕಿ ಹೊರಗೆ ಹಾಕುತ್ತಿದ್ದ. ಹಾಗಾಗಿ ಯಾರಿಗೂ ಏನೂ ಗೊತ್ತಾಗಲಿಲ್ಲ.

ಹಳ್ಳಿಮೈಸೂರಿನ ಕ್ಲಿನಿಕ್ಕೊಂದರ ಕಂಪ್ಯೂಟರ್ ನೋಡಿ ಬರುತ್ತೇನೆ ಎಂದು ಹೋದವನು ಕಬ್ಬಿನ ಟ್ರ್ಯಾಕ್ಟರಿನ ಹಿಂಭಾಗಕ್ಕೆ ಬೈಕ್ ಗುದ್ದಿಕೊಂಡ. ಅಷ್ಟೇ. ಮನೆಗೆ ತಂದರು, ಹಣೆಗೆ ವಿಭೂತಿ ಬಳಿದರು, ಕೊರಳಲ್ಲಿದ್ದ ಲಿಂಗವನ್ನು ಅಂಗೈಗೆ ಕೊಟ್ಟು ಕೂರಿಸಿಯೇ ಮಣ್ಣು ಮಾಡಿದರು. ಅಪ್ಪ ಪರಮಶಿವಯ್ಯನವರು ತಲೆ ಚಚ್ಚಿಕೊಂಡು ಅತ್ತರು. ನೀಲಾಂಬಿಕೆ ಅಳಲಿಲ್ಲ. ಬಂದವರಿಗೆ ಚಾಪೆ ಹಾಸಿದಳು, ಲೋಟ ತೊಳೆದಳು.

"ಅತ್ತುಬುಡು ಮಗಳೆ, ಹಗುರಾಯ್ತದೆ," ಎಂದವರು ಎಷ್ಟು ಜನ! ಹೇಳುವವರಿಗೇನು, ಬಾಯಿ ಇರುತ್ತದೆ. ಅಳು ನಲ್ಲಿಯ ನೀರೇ, ತಿರುಗಿಸಿದ ಕೂಡಲೇ ಬರಲಿಕ್ಕೆ? ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಅನ್ನ ಬಾಯಿಗಿಟ್ಟರೆ ಅನ್ನ, ಅದಕ್ಕೆ ರುಚಿ ಇಲ್ಲ. ಫ್ಯಾನ್ ಹಾಕಿದರೂ ಒಂದೇ, ಆರಿಸಿದರೂ ಒಂದೇ. ಶಿವಗಣಾರಾಧನೆ ಮುಗಿದ ಮರುದಿನವೇ ಲ್ಯಾಬಿಗೆ ಹೋಗಿ ಕೂತಳು. ಓಣಿಯ ಹೆಂಗಸರು ಕಲ್ಲೆದೆ ಎಂದು ಆಡಿಕೊಂಡರು. ಅದು ಕಿವಿಗೆ ಬಿದ್ದರೂ ಅವಳು ತಿರುಗಿ ನೋಡಲಿಲ್ಲ.

ಟವೆಲ್ ತೆಗೆಯುವವನು ಹೋದ ಮೇಲೆ ಶಾಖೆಗಳಿಂದ ಫೋನಿನ ಮೇಲೆ ಫೋನು ಬರತೊಡಗಿತು. ನೀಲಾಂಬಿಕೆ ಕೂತು ಒಂದು ಸ್ಕ್ರಿಪ್ಟ್ ಬರೆದಳು. ಕಂಪ್ಯೂಟರಿಗೆ ಕೊಡುವ ಕೆಲವೇ ಸಾಲುಗಳ ಅಪ್ಪಣೆ. ಅದು ಆಗಾಗ ತಾನಾಗಿ ಏಳುತ್ತಿತ್ತು, ಒಳಗೆ ಯಾರ್‍ಯಾರಿದ್ದಾರೆ ಎಂದು ಪಟ್ಟಿ ಕೇಳುತ್ತಿತ್ತು, ಪರದೆ ಮುಚ್ಚಿ ಎದ್ದುಹೋದವರನ್ನು ಗುರುತಿಸಿ ಲಾಗ್ ಆಫ್ ಮಾಡಿ ಮತ್ತೆ ಮಲಗುತ್ತಿತ್ತು. ಬರೆದು ಮುಗಿಸಿ ಮೊದಲ ಸಲ ಪಟ್ಟಿ ತೆಗೆದಾಗ ಅದರಲ್ಲಿ ಸಿದ್ದೇಶನ ಹೆಸರಿತ್ತು.

ಹೋಗುವ ದಿನ ಬೆಳಿಗ್ಗೆ ಒಳಗೆ ಬಂದು ಏನೋ ಕೆಲಸ ತೆರೆದಿಟ್ಟು, ಊರಿಗೆಲ್ಲ ಕಲಿಸಿದಂತೆ ತಾನೂ ಗುಣಿಸು ಗುರುತು ಒತ್ತಿ ಎದ್ದು ಹೋಗಿದ್ದ. ಹೆಸರಿನ ಮುಂದೆ ಅವನು ಒಳಗೆ ಬಂದ ದಿನ, ವೇಳೆ. ಪಕ್ಕದಲ್ಲಿ ಎಷ್ಟು ಹೊತ್ತಿನಿಂದ ಸುಮ್ಮನಿದ್ದಾನೆ ಎಂಬ ಲೆಕ್ಕ. ಅವನು ಸತ್ತನೆಂದು ಆ ಯಂತ್ರಕ್ಕೆ ಯಾರೂ ಹೇಳಿರಲಿಲ್ಲ. ಅದರ ಪಾಲಿಗೆ ಅವನು ಬರೀ ಸುಮ್ಮನಿದ್ದ.

ನೀಲಾಂಬಿಕೆ ಸ್ಕ್ರಿಪ್ಟಿಗೆ ಇನ್ನೊಂದು ಸಾಲು ಸೇರಿಸಿದಳು: ಹೆಸರು ಸಿದ್ದೇಶ ಎಂದಿದ್ದರೆ ಮುಟ್ಟಬೇಡ. ಯಾಕೆ ಬರೆದೆ ಎಂದು ಯಾರೂ ಕೇಳಲಿಲ್ಲ. ಅವಳೂ ಕೇಳಿಕೊಳ್ಳಲಿಲ್ಲ.

ಅಂದಿನಿಂದ ಬೆಳಿಗ್ಗೆ ಬಂದು ಚಪ್ಪಲಿ ಬಿಟ್ಟವಳೇ ಮೊದಲು ಪಟ್ಟಿ ತೆಗೆಯುತ್ತಿದ್ದಳು. ಇದ್ದಾನೆ. ಆಮೇಲೆ ಕಾಫಿ. ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಕೇಳಿದರೆ ಮುಂದೂಡುತ್ತಿದ್ದಳು. ಕರೆಂಟ್ ಹೋದರೂ ಅದು ಆರದಂತೆ ಯುಪಿಎಸ್ಸಿನ ಬ್ಯಾಟರಿಗಳಿಗೆ ತಾನೇ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದಳು. ಯಂತ್ರ ಒಂದು ಸಲ ಆರಿದರೆ ಸಿದ್ದೇಶನೂ ಪಟ್ಟಿಯಿಂದ ಹೋಗುತ್ತಿದ್ದ. ಅವನು ತೆರೆದಿಟ್ಟಿದ್ದು ಏನೆಂದು ನೋಡುವ ಉಪಾಯ ಅವಳಿಗೆ ಗೊತ್ತಿತ್ತು, ನೋಡಲಿಲ್ಲ. ಅವನು ಒಳಗಿದ್ದರೆ ಸಾಕಾಗಿತ್ತು.

ಆದರೆ ಎರಡು ಜಾಗದಲ್ಲಿ ಒಂದು ಅವನಿಗೆ ಹೋದರೆ ಮೂರು ಊರಿಗೆ ಉಳಿದಿದ್ದು ಒಂದೇ. ಚನ್ನರಾಯಪಟ್ಟಣದ ಪಾಲಾಕ್ಷ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅದನ್ನು ಹಿಡಿದು ಕೂರುತ್ತಿದ್ದ. ಹೊಳೆನರಸೀಪುರದ ಆರತಿ ಚುರುಕು ಹುಡುಗಿ, ಪಾಲಾಕ್ಷನಿಗೆ ಫೋನ್ ಮಾಡಿ ಅಣ್ಣಾ ಅಣ್ಣಾ ಎಂದು ಪೂಸಿ ಹೊಡೆದು ಬಿಡಿಸಿಕೊಳ್ಳುತ್ತಿದ್ದಳು. ಅರಕಲಗೂಡಿನ ಹೊನ್ನಕ್ಕನಿಗೆ ಅದೆಲ್ಲ ಬರುತ್ತಿರಲಿಲ್ಲ. ವಯಸ್ಸಾದ ಮೇಲೆ ಸಿದ್ದೇಶನ ಕೈಯಲ್ಲಿ ಕೀಲಿಮಣೆ ಕಲಿತವಳು. ಹಳ್ಳಿಯಿಂದ ಬಸ್ ಹಿಡಿದು ಬಂದು ಕೂರುವ ಹೊತ್ತಿಗೆ ಜಾಗ ಹೋಗಿರುತ್ತಿತ್ತು. ಮತ್ತೆ ಮತ್ತೆ ಒತ್ತುತ್ತಿದ್ದಳು, ಸೋತು ಹಾಸನಕ್ಕೆ ಫೋನ್ ಮಾಡಿ ಫಲಿತಾಂಶ ಕೇಳಿ ಕೈಯಲ್ಲಿ ಬರೆದು ಕೊಡುತ್ತಿದ್ದಳು. ಕೈಬರಹದ ರಿಪೋರ್ಟನ್ನು ಡಾಕ್ಟರುಗಳು ಎತ್ತಿ ಬಿಸಾಡುತ್ತಿದ್ದರು. ದೂರು ಸಂಪತ್ಕುಮಾರರವರೆಗೆ ಬಂತು.

"ಬೇರೆಯವ್ರಿಗೆಲ್ಲ ಆಗತ್ತೆ, ಈಯಮ್ಮನಿಗೆ ಮಾತ್ರ ಆಗಲ್ಲ ಅಂದ್ರೇನ್ರೀ? ತಲೆಗೆ ಹತ್ತಲ್ಲ ಅಷ್ಟೆ. ಇವತ್ತೇ ಹೋಗಿ ನೋಡ್ಬನ್ನಿ. ಲೈನು ಸರಿಯಾಗಿದ್ರೆ ನೀವೇ ಹೇಳ್ಬಿಡಿ, ನಾಳೆಯಿಂದ ಬರೋದು ಬೇಡ ಅಂತ."

"ಆಯ್ತು ಸಾರ್," ಎಂದಳು ನೀಲಾಂಬಿಕೆ.

ಆಯ್ತಂತೆ! ತಪ್ಪು ಯಾರದ್ದೆಂದು ಗೊತ್ತಿದ್ದವಳು ಅವಳೊಬ್ಬಳೇ, ಅವಳೇ ಆಯ್ತು ಎಂದಳು. ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಳು. ಹೊರಗೆ ಆಲೂಗಡ್ಡೆ ಹೊಲಗಳು ಹಿಂದೆ ಹೋಗುತ್ತಿದ್ದವು. ಹೊನ್ನಕ್ಕನಿಗೆ ಹೇಳಬೇಕಾದ ಮಾತನ್ನು ಒಮ್ಮೆ ಮನಸ್ಸಿನಲ್ಲೇ ಹೇಳಿ ನೋಡಿದಳು. ಅದಕ್ಕೂ ಏನೂ ಅನ್ನಿಸಲಿಲ್ಲ.

ಹೊನ್ನಕ್ಕ ಅವಳನ್ನು ಕಂಡವಳೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು.

"ಬಾರವ್ವ ನೀಲವ್ವ. ಎಂಗ್ ಸೊರಗೋಗಿದೀಯೆ! ಉಂಡ್ಯಾ?"

"ಆಯ್ತು ಹೊನ್ನಕ್ಕ. ಎಲ್ಲಿ, ಕಂಪ್ಯೂಟರ್ ತೋರ್ಸಿ."

ಕೌಂಟರಿನ ಆಚೆ ಬಸುರಿ ಹೆಂಗಸೊಬ್ಬಳು ಗಂಡನ ಜೊತೆ ಕಾಯುತ್ತ ಕೂತಿದ್ದಳು. ಹೊನ್ನಕ್ಕ ಕುರ್ಚಿಯ ತುದಿಯಲ್ಲಿ ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಪಾಸ್‌ವರ್ಡ್ ಕೊಟ್ಟು ತೋರಿಸಿದಳು. ಒಂದು ಅಕ್ಷರವೂ ತಪ್ಪಿರಲಿಲ್ಲ. ಜಾಗ ಇಲ್ಲ ಎಂದಿತು ಯಂತ್ರ.

"ದಿನಾ ಇಂಗೇ ಕಣವ್ವ. ಒಳಿಕ್ಕೇ ಬುಡಾಕಿಲ್ಲ ಅಂತದೆ. ನನ್ ಕೈಗುಣನೇ ಸರಿಯಿಲ್ವೇನೋ. ಸಿದ್ದೇಶಪ್ಪ ಅಷ್ಟು ಚೆಂದಾಗಿ ಕಲ್ಸವ್ನೆ, ನಾನು ಅವ್ನ ಎಸ್ರು ಕೆಡಿಸ್ತಾವ್ನಿ. ಸಾಹೇಬ್ರು ಕ್ವಾಪ ಮಾಡ್ಕಂಡವ್ರೆ ಅಂತ ಗೊತ್ತು. ನೀನು ಅದ್ನೇ ಯೋಳಕ್ ಬಂದಿರೋದು ಅಂತ್ಲೂ ಗೊತ್ತು. ಯೋಳ್ಬುಡವ್ವ, ನಾನೇನೂ ಅಂದ್ಕಳಕಿಲ್ಲ."

ನೀಲಾಂಬಿಕೆ ಕುರ್ಚಿ ಎಳೆದುಕೊಂಡು, ಪರದೆಯ ಮೇಲೆ ಆಜ್ಞೆ ಬರೆಯುವ ಕಪ್ಪು ಕಿಟಕಿಯೊಂದನ್ನು ತೆರೆದಳು. ಒಳಗೆ ಹೋಗದೆಯೂ ಹಾಸನದ ಯಂತ್ರವನ್ನು ಇಲ್ಲಿಂದಲೇ ಪಟ್ಟಿ ಕೇಳಬಹುದಿತ್ತು. ಕೇಳಿದಳು. ಎರಡು ಹೆಸರು ಬಂದವು. ಒಂದು ಪಾಲಾಕ್ಷ.

ಹೊನ್ನಕ್ಕ ಕಣ್ಣು ಕಿರಿದು ಮಾಡಿ ಬಗ್ಗಿದಳು. ಇಂಗ್ಲಿಷ್ ಅಕ್ಷರ ಕಲಿಸುವಾಗ ಸಿದ್ದೇಶ ತನ್ನ ಹೆಸರನ್ನೇ ಅವಳಿಂದ ದಿನವಿಡೀ ಹೊಡೆಸಿದ್ದ. ಅದನ್ನು ಅವಳು ನಿದ್ದೆಗಣ್ಣಲ್ಲೂ ಓದುತ್ತಿದ್ದಳು.

"ಅದು ಸಿದ್ದೇಶಪ್ಪನ ಎಸ್ರಲ್ವ?"

"ಹೂಂ."

"ಅಲ್ಯಾಕವ್ನೆ?"

"ಅವತ್ತು ಬೆಳಿಗ್ಗೆ ಬಂದೋನು ಹಂಗೇ ಬಿಟ್ಟು ಹೋಗಿದಾನೆ. ನಾನು ತೆಗೀಲಿಲ್ಲ. ನಿಮ್ಗೆ ಸಿಗ್ಬೇಕಾದ ಜಾಗ ಅದು ಹೊನ್ನಕ್ಕ. ನಿಮ್ಮ ಕೈಗುಣ ಅಲ್ಲ, ನಂದೇ ಕೆಲಸ ಇದು. ಸಾಹೇಬ್ರಿಗೆ ಸುಳ್ಳು ಹೇಳ್ಕೊಂಡು ಬಂದೆ."

ಹೊನ್ನಕ್ಕ ಬೆರಳಿನಿಂದ ಆ ಹೆಸರನ್ನು ಮುಟ್ಟಿ ನೋಡಿದಳು. ಬಯ್ಯಬಹುದಿತ್ತು. ಬಯ್ದಿದ್ದರೆ ನ್ಯಾಯವೂ ಇತ್ತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಈಗ ತೆಗುದ್ರೆ ಓಯ್ತಾನಾ?"

"ಹೂಂ."

"ತಿರ್ಗಾ ಬರಾಕಿಲ್ವಾ?"

"ಇಲ್ಲ."

"ಅಂಗಾರೆ ಇರ್ಲಿ ಬುಡವ್ವ," ಎಂದಳು ಹೊನ್ನಕ್ಕ. "ಮಗ ಕೂತವ್ನೆ, ಕೂತ್ಕಳ್ಲಿ. ನಂಗೇನು, ಎಲ್ಲಾದ್ರೂ ಪಾತ್ರೆ ತಿಕ್ಕುದ್ರೂ ವೊಟ್ಟೆ ತುಂಬ್ತದೆ. ಸಾಹೇಬ್ರಿಗೆ ನಾನೇ ಬುಟ್ಟೋದೆ ಅಂತ ಯೋಳು. ಅವ್ನುನ್ನ ಎಬ್ಬಿಸ್ಬ್ಯಾಡ ಕಣವ್ವ."

ನೀಲಾಂಬಿಕೆ ಅವಳ ಮುಖ ನೋಡಿದಳು. ಸುಮ್ಮನೆ ಬಾಯಿಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ಎದ್ದು ಹೋಗಲು ಚೀಲ ತೆಗೆದುಕೊಳ್ಳುತ್ತಿದ್ದಳು. ನೀಲಾಂಬಿಕೆ ಪರದೆಯ ಕಡೆ ತಿರುಗಿ, ಲಾಗ್ ಆಫ್ ಎಂಬ ಒಂದೇ ಸಾಲು ಬರೆದು, ಸಿದ್ದೇಶನ ಹೆಸರಿನ ಮುಂದಿದ್ದ ಜಾಗದ ಅಂಕೆ ಸೇರಿಸಿದಳು. ಒತ್ತಿದಳು.

ಹಾಳು ಯಂತ್ರ, ಒಂದು ಚಿಕ್ಕ ಫೈಲ್ ಅಳಿಸಿದರೂ ಖಂಡಿತವಾ, ಯೋಚನೆ ಮಾಡಿದೆಯಾ ಎಂದು ಕೇಳುತ್ತದೆ. ಇದಕ್ಕೆ ಏನೂ ಕೇಳಲಿಲ್ಲ. ಕರ್ಸರಿನ ಗೆರೆ ಮುಂದಿನ ಸಾಲಿಗೆ ಬಂದು ಮಿಟುಕುತ್ತ ನಿಂತಿತು. ಮತ್ತೆ ಪಟ್ಟಿ ಕೇಳಿದರೆ ಪಾಲಾಕ್ಷ ಒಬ್ಬನೇ ಇದ್ದ.

"ಕೂತ್ಕೊಳ್ಳಿ ಹೊನ್ನಕ್ಕ. ಈಗ ಹೋಗಿ ಒಳಗೆ. ಆ ಹೆಂಗಸು ಕಾಯ್ತಾ ಇದಾಳೆ."

ಹೊನ್ನಕ್ಕ ಚೀಲ ಕೆಳಗಿಟ್ಟು ಕೂತಳು. ಕಣ್ಣೊರೆಸಿಕೊಳ್ಳುತ್ತ ಒತ್ತಿದ್ದರಿಂದ ಅಕ್ಷರ ಎರಡು ಸಲ ತಪ್ಪಿತು, ಮೂರನೆಯ ಸಲಕ್ಕೆ ಬಾಗಿಲು ತೆರೆಯಿತು. ರಿಪೋರ್ಟು ಸಿಕ್ಕಿತು. ಪ್ರಿಂಟರು ಕಿರ್‍ರೆನ್ನುತ್ತ ಕಾಗದ ಎಳೆದುಕೊಂಡಿತು. ಗಂಡ ಎದ್ದು ಬಂದು ಅದನ್ನು ಈಸಿಕೊಂಡು ಹೆಂಡತಿಯನ್ನು ಕರೆದುಕೊಂಡು ಹೋದ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಸಂಪತ್ಕುಮಾರರು.

"ಏನ್ರೀ ನೀಲಾಂಬಿಕೆ, ಲೈನು ಹೇಗಿದೆ? ಆಯಮ್ಮಂಗೆ ಹೇಳಿದ್ರಾ?"

"ಇಲ್ಲ ಸಾರ್. ಲೈನು ಮೊದಲಿಂದ್ಲೂ ಸರಿಯಾಗೇ ಇತ್ತು. ಹೊನ್ನಕ್ಕನೂ ಸರಿಯಾಗೇ ಮಾಡ್ತಿದ್ರು. ಒಂದು ಜಾಗ ನಾನು ಹಿಡಿದಿಟ್ಟಿದ್ದೆ."

"ಯಾರಿಗ್ರೀ?"

"ಸಿದ್ದೇಶಂಗೆ."

ಸಂಪತ್ಕುಮಾರರ ದನಿ ಇಳಿಯಿತು. "ಈಗ?"

"ಈಗ ಅವನಿಲ್ಲ ಸಾರ್," ಎಂದಳು ನೀಲಾಂಬಿಕೆ. "ಸಿದ್ದೇಶ ಇಲ್ಲ."

ಮಣ್ಣು ಮಾಡಿ ಬಂದ ದಿನದಿಂದ ಅವಳು ಆ ಮಾತನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳಿದ್ದು ಅವಳದೇ ಕಿವಿಗೆ ಬಿತ್ತು. ಫೋನನ್ನು ಮೇಜಿನ ಮೇಲೆ ಇಟ್ಟು, ಮುಖ ಮುಚ್ಚಿಕೊಂಡು, ಜೋರಾಗಿ, ಮಕ್ಕಳು ಅಳುವಂತೆ ಅತ್ತಳು. ಹೊನ್ನಕ್ಕ ಎದ್ದು ಕೌಂಟರಿನ ಗಾಜು ಎಳೆದು, ಆಗತಾನೆ ಬಂದು ನಿಂತವರಿಗೆ, "ಒಂದ್ ಗಳಿಗೆ ತಡ್ಕಳಿ," ಎಂದು ಹೇಳಿ ಬಂದು ಅವಳ ಪಕ್ಕ ಕೂತಳು.