ಉಡದ ಮಾವ, ಟುವ್ವಿಯ ಅಳಿಯ

ಆ ಮೃಗಾಲಯದಲ್ಲಿ ಉಡವನ್ನು ನೋಡಿಕೊಳ್ಳುತ್ತಿದ್ದವರು ಮಾವ, ಹಕ್ಕಿಮನೆಯಲ್ಲಿದ್ದವನು ಅಳಿಯ. ಮಾವನ ಉಡ ಮೂತಿಯಿಂದ ಬಾಲದ ತುದಿಯವರೆಗೆ ಐದಡಿ. ಅಳಿಯನ ಪಾಲಿಗೆ ಬಂದದ್ದು ಗೂಡಿನಿಂದ ಬಿದ್ದ ಎರಡು ಟುವ್ವಿ ಹಕ್ಕಿಯ ಮರಿಗಳು. ಎರಡನ್ನೂ ಸೇರಿಸಿ ತೂಗಿದರೂ ತಕ್ಕಡಿಯ ಮುಳ್ಳು ಅಲ್ಲಾಡುತ್ತಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಮಾವನದು ಇದೇ ರಾಗ.

“ನನ್ನದು ಬಾಲ ಬೀಸಿದ್ರೆ ಕಾಲು ಊದುತ್ತೆ. ನಿಮ್ಮದು, ನಾನು ಸೀನಿದ್ರೆ ಹಾರಿಹೋಗುತ್ತೆ. ಅದಕ್ಕೂ ಒಬ್ಬ ಆಳು ಬೇರೆ!”

ಒಂದು ದಿನ ಅಳಿಯನಿಗೆ ಹಲ್ಲು ಕೀಳಿಸಿಕೊಳ್ಳಬೇಕಾಗಿ ಬಂತು.

“ಹೋಗಿಬನ್ನಿ ಅಳಿಯಂದಿರೇ. ಉಡಕ್ಕೆ ನಿನ್ನೆ ಹೊಟ್ಟೆ ಬಿರಿಯೋಷ್ಟು ಹಾಕಿದ್ದೀನಿ, ಮೂರು ದಿನ ಅದು ಕಣ್ಣೂ ಬಿಡಲ್ಲ. ನಿಮ್ಮ ಮರಿಗಳನ್ನ ಎಡಗೈಯಲ್ಲಿ ನೋಡ್ಕೋತೀನಿ.”

“ಕಾಲು ಗಂಟೆಗೊಮ್ಮೆ ಹುಳ ಕೊಡ್ಬೇಕು ಮಾವ, ಚಿಮಟದಲ್ಲಿ.”

“ಕೊಟ್ಟರಾಯ್ತು.”

ಮೊದಲ ಹುಳ ಮಾವನ ಅಂಗಿಯ ತೋಳಿನೊಳಗೆ ಜಾರಿತು. ಎರಡನೆಯದನ್ನು ಹೇಗೋ ದೊಡ್ಡ ಮರಿಯ ಬಾಯಿಗೆ ಇಟ್ಟು ಚಿಕ್ಕದರ ಕಡೆ ತಿರುಗುವಷ್ಟರಲ್ಲಿ ದೊಡ್ಡದು ಮತ್ತೆ ಬಾಯಿ ಕಳೆದಿತ್ತು. ತರಿಸಿಕೊಂಡ ಚಹಾ ಕೆನೆಗಟ್ಟಿತು. ಐದು ನಿಮಿಷ ಬೆನ್ನು ಚಾಚೋಣವೆಂದರೆ ಎರಡೂ ಒಂದೇ ಸಮನೆ ಕಿರುಚಿ ಛಾವಣಿ ಹಾರಿಹೋಗುವಂತೆ ಮಾಡಿದವು. ಮಧ್ಯಾಹ್ನ ದೊಡ್ಡ ಮರಿ ಪುರ್ರನೆ ಹಾರಿ ಮಾವನ ಕನ್ನಡಕದ ಮೇಲೆಯೇ ಕೂತುಬಿಟ್ಟಿತು. ಮಾವ ಕಂಬದಂತೆ ನಿಂತರು.

ಕಸ ಗುಡಿಸುವಾಕೆ ಒಳಗೆ ಬಂದವಳು ಪೊರಕೆ ಹಿಡಿದು ಅಲ್ಲೇ ನಿಂತಳು. “ಏನಣ್ಣ, ಉಡ ಕಚ್ಚಿದಾಗ್ಲೂ ನೀವು ಇಷ್ಟು ಬೆವರಿರಲಿಲ್ಲ!”

“ಶ್!” ಎಂದರು ಮಾವ, ತುಟಿ ಅಲ್ಲಾಡಿಸದೆ. “ಕೂತಿದೆ.”

ಆಕೆ ಹುಳ ತೋರಿಸಿ ಮರಿಯನ್ನು ಇಳಿಸಿ ಮಾವನ ಅಂಗೈಗೆ ದಾಟಿಸಿದಳು. ಅದರ ಎದೆ ಟಕಟಕ ಹೊಡೆದುಕೊಳ್ಳುವುದು ಅವರ ಬೆರಳಿಗೆ ತಿಳಿಯುತ್ತಿತ್ತು. ಹದಿನೈದು ವರ್ಷದಲ್ಲಿ ಆ ಉಡ ಒಂದು ದಿನವೂ ತಾನಾಗಿ ಅವರ ಹತ್ತಿರ ಸುಳಿದಿರಲಿಲ್ಲ.

ಸಂಜೆ ಅಳಿಯ ಊದಿದ ಕೆನ್ನೆ ಹೊತ್ತು ಬಂದು ಬಾಗಿಲನ್ನು ಧಡಾರನೆ ತೆರೆದ. “ಬಾವ, ಏವಾಯ್ತು?” ಎಂದ, ಬಾಯಲ್ಲಿ ಹತ್ತಿ ಇದ್ದುದರಿಂದ ತೊದಲುತ್ತ.

“ಮೆಲ್ಲಗೆ ರೀ! ಈಗಷ್ಟೇ ಕಣ್ಣು ಮುಚ್ಚಿವೆ. ಚಿಕ್ಕದು ಮಧ್ಯಾಹ್ನದಿಂದ ಸರಿಯಾಗಿ ತಿಂದಿಲ್ಲ, ನನಗೆ ಅದೇ ಯೋಚನೆ.” ಮಾವ ಅಳಿಯನ ಮುಖವನ್ನೊಮ್ಮೆ ದಿಟ್ಟಿಸಿದರು. “ನೀವು ನಾಳೆಯೂ ರಜೆ ಹಾಕಿ. ಆ ಕೆನ್ನೆ ಕಂಡ್ರೆ ಈ ಮಕ್ಕಳು ಹೆದರ್ಕೋತಾವೆ.”